ದೇವೇಂದ್ರಪ್ಪನ ಅಫೀಮು ಚೀಟಿ

ದೇವೇಂದ್ರಪ್ಪ ಕಟ್ಟೆಯ ಮೇಲೆ ಕುಳಿತು ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದಾಗ ಯಲಬುರ್ಗಾದ ಬಜಾರಿನಲ್ಲಿ ಡಂಗುರ ಕೇಳಿಸಿತು. ಹೈದರಾಬಾದಿನಿಂದ ಹೊಸ ಹುಕುಂ ಬಂದಿದೆ. ಡಾಕ್ಟರ ಚೀಟಿ ಇಲ್ಲದೆ ಯಾರ ಮನೆಯಲ್ಲಿ ಅಫೀಮು ಸಿಕ್ಕರೂ ಆ ಮನೆಯ ಯಜಮಾನನಿಗೆ ಜೇಲು. ಅಬಕಾರಿ ದರೋಗಾ ಸಾಹೇಬರು ಇವತ್ತೇ ಮನೆ ಮನೆ ಹೊಕ್ಕು ಜಡತಿ ಮಾಡುತ್ತಾರೆ, ಮೂಲೆ ಮೂಲೆ ಹುಡುಕುತ್ತಾರೆ. ದೇವೇಂದ್ರಪ್ಪ ಬೇವಿನ ರಸವನ್ನು ಉಗುಳುವ ಬದಲು ನುಂಗಿಬಿಟ್ಟ.

ಅವನಿಗೆ ಇದ್ದದ್ದು ಒಂದು ಪಾತ್ರೆ ಅಂಗಡಿ, ಒಬ್ಬ ಹೆಂಡತಿ, ಒಬ್ಬ ಸೋದರತ್ತೆ. ಮೊದಲಿನ ಎರಡರಿಂದ ಏನೂ ತೊಂದರೆ ಇರಲಿಲ್ಲ. ಸೋದರತ್ತೆ ಗುರುಲಿಂಗಮ್ಮ ಇರಕಲ್ಲಗಡದಿಂದ "ನಾಲ್ಕು ದಿನ ಇದ್ದು ಹೋಗ್ತೀನಪಾ" ಎಂದು ಬಂದವಳು, ಸುಗ್ಗಿ ಮುಗಿದು ಹೊಸ ಬಿತ್ತನೆ ಬಂದರೂ ಹೊರಟಿರಲಿಲ್ಲ. ಮೊಣಕಾಲು ನೋವಿಗೆಂದು ದಿನವೂ ಊಟವಾದ ಮೇಲೆ ಸಾಸಿವೆ ಕಾಳಿನಷ್ಟು ಅಫೀಮು ನುಂಗುತ್ತಿದ್ದಳು. ಇಪ್ಪತ್ತು ವರ್ಷದ ರೂಢಿ. ನುಂಗಿದ ಮೇಲೆ ಮೇಕೆ ಮರಿಯ ಹಾಗೆ ಮಾಳಿಗೆ ಹತ್ತಿ ಇಳಿಯುತ್ತಿದ್ದಳು.

"ಅತ್ತೀ, ಆ ಡಬ್ಬಿ ಕೊಡು. ತಿಪ್ಪ್ಯಾಗ ಒಗದು ಬರ್ತೀನಿ."

ಗುರುಲಿಂಗಮ್ಮ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನನ್ನ ಹೆಣ ಒಗದು ಆಮ್ಯಾಲೆ ಡಬ್ಬಿ ಒಗಿ. ತಾಯಿ ಇಲ್ಲದ ಕೂಸು ಅಂತ ಎತ್ತಿ ಆಡಿಸಿದ್ದಕ್ಕ ಇದೇನೋ ನೀ ಮಾಡೂದು?"

"ಹಂಗಾರ ದವಾಖಾನಿಗೆ ನಡಿ. ಡಾಕ್ಟರ್ ಕಡೆ ಚೀಟಿ ಮಾಡಸೂಣು."

"ಪರಗಂಡಸಿನ ಕೈಯಾಗ ನಾಡಿ ಕೊಡ್ಲೇನು? ಅಫೀಮು ತಿನ್ನಾಕಿ ಅಂತ ಸರ್ಕಾರದಾಗ ಹೆಸರು ಬರಸ್ಲೇನು? ಬಾಯಿ ಮುಚ್ಚು!"

ಇಷ್ಟು ಸದ್ದಿಗೆ ಪಕ್ಕದ ಮನೆಯ ಕೊಟ್ರಪ್ಪ ಕರೆಯದೆಯೇ ಬಂದ. ಇವನು ಒಮ್ಮೆ ರಾಯಚೂರಿನ ಕೋರ್ಟಿನಲ್ಲಿ ಎಮ್ಮೆ ಕಳವಿನ ಸಾಕ್ಷಿ ಹೇಳಿ ಬಂದವನು. ಅವತ್ತಿನಿಂದ ಊರಿಗೆಲ್ಲ ಕಾಯದೆ ಹೇಳುತ್ತಿದ್ದ. ಕೇಳಿದವರು ಉದ್ಧಾರವಾದದ್ದನ್ನು ಯಾರೂ ಕಂಡಿಲ್ಲ.

"ಕಾಯದೇದಾಗ ಚೀಟಿ ಯಾರ ಹೆಸರಿಲೆ ಇರಬೇಕಂತ ಎಲ್ಲಿ ಐತಿ?" ಎಂದ ಕೊಟ್ರಪ್ಪ. "ನಿನ್ನ ಹೆಸರಿಲೇ ಮಾಡಸು. ಹೊಟ್ಟಿ ನೋವು ಅಂತ ಹೊಳ್ಳಾಡು. ಹೊಟ್ಟಿ ಒಳಗ ಇಣಿಕಿ ನೋಡಾಕ ಡಾಕ್ಟರ್‌ಗೇನು ಕಿಟಕಿ ಐತೇನು?"

ದವಾಖಾನೆಯಲ್ಲಿ ದೇವೇಂದ್ರಪ್ಪ ಚೆನ್ನಾಗಿಯೇ ಹೊರಳಾಡಿದ. ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು.

"ನೋವು ಯಾವಾಗ ಸುರು ಆತು?"

"ಡಂಗುರ ಹೊಡದಾಗಿಂದ್ರಿ."

ಕೊಟ್ರಪ್ಪ ಹಿಂದಿನಿಂದ ಚಿವುಟಿದ. ಡಾಕ್ಟರು ಮುಗುಳುನಗುತ್ತ ಒಂದು ದೊಡ್ಡ ಲೋಟದ ತುಂಬ ಔಡಲೆಣ್ಣೆ ತರಿಸಿದರು.

"ಬಾಯಿ ತೆಗೀರಿ. ಹೊಟ್ಟಿ ಸ್ವಚ್ಛ ಆತಂದ್ರ ನೋವು ತಾನ ಹೋಕ್ಕೈತಿ."

"ಅಫೀಮು ಕೊಟ್ರ ಲಗೂನ ಹೋಗ್ತಿತ್ತೇನ್ರಿ..."

"ಕೊಟ್ರಪ್ಪ, ಇವರ ಮೂಗು ಹಿಡೀರಿ."

ಕೊಟ್ರಪ್ಪ ಎಷ್ಟು ಉತ್ಸಾಹದಿಂದ ಹಿಡಿದನೆಂದರೆ, ಮೂಗು ಸಂಜೆಯವರೆಗೂ ಟೊಮ್ಯಾಟೊ ಹಾಗೆ ಕೆಂಪಗಿತ್ತು.

ಎಣ್ಣೆ ತನ್ನ ಕೆಲಸವನ್ನು ಬಜಾರಿನ ನಡುಮಧ್ಯದಲ್ಲಿ ಸುರು ಮಾಡಿತು. ಮನೆ ದೂರ, ಹಳ್ಳ ಹತ್ತಿರ. ಊರಿಗೆಲ್ಲ ತಂಬಿಗೆ ಮಾರುವ ಮನುಷ್ಯ ಕಂಡಕಂಡವರ ಮನೆ ಬಾಗಿಲಲ್ಲಿ "ಒಂದು ತಂಬಿಗಿ ನೀರು ಕೊಡ್ರೀ, ನಿಮ್ಮ ಪುಣ್ಯಾ" ಎಂದು ಕೂಗುತ್ತ ಓಡಿದ. ಬಾವಿಕಟ್ಟೆಯ ಹೊಳಿಯಮ್ಮ ತಂಬಿಗೆ ಕೊಡುತ್ತಲೇ, "ಇದು ನಿನ್ನ ಅಂಗಡೀದ, ದ್ಯಾವೇಂದ್ರಪ್ಪ. ತಳಾ ಸೋರ್ತೈತಿ, ಲಗೂ ಓಡು" ಎಂದಳು. ಸೋರುತ್ತಿದ್ದದ್ದು ನಿಜ. ಮಾರುವಾಗ ಅವನಿಗೂ ಗೊತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅವನು ಹಳ್ಳಕ್ಕೆ ಹೋಗಿ ಬರುವುದನ್ನು ಬಿಟ್ಟು ಅಲ್ಲೇ ಒಂದು ಜಾಲಿ ಗಿಡದ ಕೆಳಗೆ ನೆಲೆಸಿದ್ದ. ಕೊಟ್ರಪ್ಪ ಹಿಂಡಿದ ಪಂಚೆಯಂತಾಗಿದ್ದವನನ್ನು ಹೆಗಲ ಮೇಲೆ ಹಾಕಿಕೊಂಡು ಮತ್ತೆ ದವಾಖಾನೆಗೆ ಒಯ್ದ. ಡಾಕ್ಟರು ನಾಡಿ ಹಿಡಿದು ಸಂತೋಷಪಟ್ಟರು.

"ಈಗ ನೋಡ್ರಿ ಖರೇ ಜಡ್ಡು ಬಂತು. ಇದನ್ನ ನಿಲ್ಲಸಾಕ ಅಫೀಮು ಬೇಕ ಬೇಕು." ಬರೆದು, ಮೊಹರು ಒತ್ತಿ ಕೊಟ್ಟರು. "ಚೀಟಿ ಒಂದ ವಾರದ್ದು. ಆಮ್ಯಾಲೆ ಮತ್ತ ನನಗ ತೋರಸ್ಬೇಕು."

ದೇವೇಂದ್ರಪ್ಪ ಚೀಟಿಯನ್ನು ಕಣ್ಣಿಗೊತ್ತಿಕೊಂಡ.

ಹೊತ್ತು ಇಳಿಯುವಾಗ ದರೋಗಾ ಮಕ್ಬುಲಸಾಬರು ಇಬ್ಬರು ಜವಾನರೊಂದಿಗೆ ಅವನ ಮನೆಗೆ ಬಂದರು. ಹಿಂದೆ ಇಡೀ ಓಣಿ. ಒಬ್ಬ ಮನುಷ್ಯ ಜೇಲಿಗೆ ಹೋಗುವುದನ್ನು ನೋಡಲು ಜನ ಒಲೆಯ ಮೇಲಿನ ರೊಟ್ಟಿ ಬಿಟ್ಟು ಬರುತ್ತಾರೆ.

"ಮನ್ಯಾಗ ಅಫೀಮು ಐತೇನ್ರಿ?"

"ಐತ್ರೀ ಸಾಹೇಬ್ರ!" ದೇವೇಂದ್ರಪ್ಪ ಎದೆಯುಬ್ಬಿಸಿ ಹೇಳಿದ. "ಚೀಟೀನೂ ಐತ್ರಿ! ಜಡ್ಡೂ ಐತ್ರಿ!"

ಸಾಹೇಬರು ಚೀಟಿ ಓದಿದರು. ಎಲ್ಲ ಸರಿಯಾಗಿತ್ತು. "ಮಾಲು ತೋರಸ್ರಿ" ಎಂದರು. ಗುರುಲಿಂಗಮ್ಮ ಡಬ್ಬಿಯನ್ನು ಮುಟ್ಟಬಾರದ ಕೈಗೆ ಕೊಡುವಂತೆ ದೂರದಿಂದ ಚಾಚಿದಳು. ಸಾಹೇಬರು ಮೂಸಿದರು. ಉಗುರಿನ ತುದಿಯಿಂದ ಚೂರು ತೆಗೆದು ನಾಲಿಗೆಗೆ ಹಚ್ಚಿದರು. ಹುಬ್ಬೇರಿಸಿದರು. ಇನ್ನೊಂದು ಚೂರು ತೆಗೆದರು. ಆಮೇಲೆ ಒಂದು ಇಡೀ ಗುಳಿಗೆಯನ್ನೇ ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು. ಜವಾನರು ಗಾಬರಿಯಾದರು.

"ಹುಣಸಿಹಣ್ಣು" ಎಂದರು ಸಾಹೇಬರು. "ಸುಟ್ಟ ಬೆಲ್ಲ. ಒಂದೀಟು ಅಜಿವಾನ. ಯಾರ ಕಡೆ ತಗೊಂಡ್ರಿ ಅಮ್ಮಾ?"

"ವರ್ಷಾ ಒಬ್ಬ ಬೈರಾಗಿ ಬರ್ತಾನಪಾ. ಮಾಳ್ವಾದ ಅಸಲ ಮಾಲು ಅಂತ ಕೊಡ್ತಾನ."

"ಇದಕ್ಕ ಚೀಟಿ ಬ್ಯಾಡ್ರಿ ಅಮ್ಮಾ, ರೊಟ್ಟಿ ಬೇಕು." ಸಾಹೇಬರು ಡಬ್ಬಿ ಹಿಂದಿರುಗಿಸಿ, ಬೆರಳು ನೆಕ್ಕುತ್ತ ಮುಂದಿನ ಮನೆಗೆ ನಡೆದರು. ಓಣಿಯ ಜನ ನಿರಾಸೆಯಿಂದ ರೊಟ್ಟಿ ನೋಡಲು ಹೋದರು.

ದೇವೇಂದ್ರಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹುಣಸೆಹಣ್ಣಿಗಾಗಿ ಹಳ್ಳದ ದಂಡೆಯಲ್ಲಿ ಒಂದು ದಿನ ಕಳೆದಿದ್ದ! ಆದರೆ ಮರುಕ್ಷಣ ಅವನ ಮುಖ ಬೆಳಗಿತು.

"ಅತ್ತೀ! ಇಪ್ಪತ್ತು ವರ್ಷ ಹುಣಸಿಹಣ್ಣು ತಿಂದು ಮಾಳಗಿ ಹತ್ತಿ ಇಳದಿ ಅಂದ್ರ ನಿನ್ನ ಕಾಲಿಗೆ ಏನೂ ಆಗಿಲ್ಲ. ನಾಳೆ ಮುಂಜಾನೆನ ಇರಕಲ್ಲಗಡಕ್ಕ ಬಂಡಿ ಹೂಡಸ್ತೀನಿ!"

ಗುರುಲಿಂಗಮ್ಮ ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದಳು. ಆಮೇಲೆ ಎರಡೂ ಮೊಣಕಾಲು ಹಿಡಿದುಕೊಂಡು ಗೋಡೆಗುಂಟ ನಿಧಾನವಾಗಿ ಜಾರಿ ಕುಳಿತಳು.

"ಯವ್ವಾ, ಸತ್ನೆಪೋ! ಅಫೀಮು ಅಲ್ಲಂತ ಗೊತ್ತಾತು ನೋಡು, ಇಪ್ಪತ್ತು ವರ್ಷದ ನೋವು ಒಮ್ಮೆಲೆ ಬಂತು! ಕಾಲು ಎತ್ತಾಕ ಬರವಲ್ದು!"

ದೇವೇಂದ್ರಪ್ಪನ ಹೆಂಡತಿ ಶೇಖರಮ್ಮ ಓಡಿ ಬಂದು ಕಾಲು ತಿಕ್ಕಿದಳು. ಮುದುಕಿ ನರಳುತ್ತಲೇ ಒಂದು ಕಣ್ಣು ತೆರೆದಳು.

"ದ್ಯಾವೇಂದ್ರಾ, ಆ ಚೀಟಿಗೆ ಸರ್ಕಾರಿ ಅಂಗಡ್ಯಾಗ ಅಸಲ ಮಾಲು ಕೊಡ್ತಾರೇನೋ?"

"ಯಾಕ ಕೊಡೂದಿಲ್ಲಬೇ, ಕೊಡಾಕ ಬೇಕು!" ಎಂದ ಕೊಟ್ರಪ್ಪ. ಅವನಿನ್ನೂ ಅಲ್ಲೇ ನಿಂತಿದ್ದ. "ಕಾಯದೆ ಐತಿ."

"ವಾರ ಮುಗದ ಮ್ಯಾಲೆ?"

"ಜಡ್ಡು ಹಂಗ ಇತ್ತಂದ್ರ ಡಾಕ್ಟರು ಹೊಸಾ ಚೀಟಿ ಕೊಡ್ತಾರ. ಜೀವಾ ಇರೂತನಾ ಕೊಡ್ತಾರ."

"ಹಂಗಾರ ಆತು ಬಿಡು." ಗುರುಲಿಂಗಮ್ಮ ಕಾಲು ಚಾಚಿ ಗೋಡೆಗೆ ಆರಾಮಾಗಿ ಒರಗಿದಳು. "ಇರಕಲ್ಲಗಡದಾಗ ನನಗ ಚೀಟಿ ಮಾಡಸವ್ರು ಯಾರದಾರ? ನಾ ಇಲ್ಲೇ ಇರ್ತೀನಿ. ನೀ ಮಾತ್ರ ವಾರಕ್ಕೊಮ್ಮೆ ತಪ್ಪದ ಹೊಟ್ಟಿ ನೋವು ತರಿಸ್ಕೋಬೇಕು ನೋಡಪಾ."