ಒಂದು ವರ್ಷದ ಗ್ಯಾರಂಟಿಯ ಪಕ್ಕಡ

ಇದು ೧೯೬೩ರ ಮಳೆಗಾಲದ ಮಾತು. ಗ್ಯಾರಂಟಿ ಇದ್ದ ಸಾಮಾನೇ ಮೊದಲು ಕೆಡುತ್ತದೆ. ನನಗಂತೂ ಹೀಗೆ ಆಗುತ್ತಲೇ ಇರುತ್ತದೆ.

ಬಿ.ಎಸ್ಸಿ. ಮುಗಿಸಿ ಧಾರವಾಡದ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಹಂಗಾಮಿ ಕೆಲಸಕ್ಕೆ ಸೇರಿದ್ದೆ. ತಪಾಸಣೆಗೆ ವಿಶ್ವವಿದ್ಯಾಲಯದ ಸಮಿತಿ ಬರುವುದಿತ್ತು. ಪ್ರಯೋಗಶಾಲೆ ಪಾಸಾದರೆ ನಾನು ಕಾಯಂ, ಇಲ್ಲವಾದರೆ ಮನೆಗೆ. ಪ್ರಯೋಗಶಾಲೆಗೆಂದು ಹುಬ್ಬಳ್ಳಿಯ ಕಬ್ಬಿಣದ ಅಂಗಡಿಯಿಂದ ಮೂರು ಹತ್ಯಾರ ತಂದೆ: ತಂತಿ ಹಿಡಿಯುವ ಒಂದು ಪಕ್ಕಡ, ಒಂದು ಸುತ್ತಿಗೆ, ನಟ್ಟು ತಿರುಗಿಸುವ ಒಂದು ಪಾನಾ. ಮೂರಕ್ಕೂ ಒಂದು ವರ್ಷ ಗ್ಯಾರಂಟಿ.

೧. ಪಕ್ಕಡ

ಮೊದಲ ತಂತಿಗೇ ಪಕ್ಕಡದ ಬಾಯಿ ಮುರಿಯಿತು. ಅಂಗಡಿಗೆ ಒಯ್ದು ತೋರಿಸಿದೆ.

"ಏನ್ ಹಿಡದಿದ್ರಿ ಸರ?" ಎಂದರು ಮಾಲೀಕರು.

"ತಂತಿ."

"ಮತ್ತ! ಹಂಗ ಜೋರ್ ಹಿಡದ್ರ ಮುರೀದ ಏನ್ ಮಾಡತೈತ್ರಿ? ಗ್ಯಾರಂಟಿ ಪಕ್ಕಡಕ್ಕ ಐತಿ, ನಿಮ್ಮ ಕೈಗಿಲ್ಲ."

ಅವರ ಪರೀಕ್ಷೆಯ ಪ್ರಕಾರ ದೋಷ ನನ್ನ ಕೈಯಲ್ಲೇ ಇತ್ತು. ಅದಕ್ಕೆ ಬದಲಿ ಸಿಗುವಂತಿರಲಿಲ್ಲ.

೨. ಶನಿವಾರ

ಮುಂದಿನ ವಾರ ಸುತ್ತಿಗೆಯ ತಲೆ ಹಿಡಿಯಿಂದ ಕಳಚಿ ಹಾರಿತು. ನನಗೆ ಬಿಡುವು ಶನಿವಾರ ಮಧ್ಯಾಹ್ನ ಮಾತ್ರ. ರವಿವಾರ ಅಂಗಡಿ ಬಂದ್. ಶನಿವಾರವೇ ಹೋದೆ.

ಮಾಲೀಕರು ಕೈ ಹಿಂದೆ ಎಳೆದುಕೊಂಡರು. "ಶನಿವಾರ ಕಬ್ಬಿಣ ಒಳಗ ತಗೊಳ್ಳೂದಿಲ್ರೀ. ಶನಿ ಬೆನ್ನ ಹತ್ತತಾನ."

"ಮಾರಾಕತ್ತೀರಲ್ರಿ?"

"ಮಾರಿದ್ರ ಹೋಗತಾನ. ವಾಪಸ್ ತಗೊಂಡ್ರ ಬರತಾನ."

ಶನಿಗ್ರಹದ ಚಲನೆಯನ್ನು ಇಷ್ಟು ನಿಖರವಾಗಿ ನನ್ನ ಪಠ್ಯಪುಸ್ತಕವೂ ಹೇಳಿರಲಿಲ್ಲ.

೩. ತಪಾಸಣೆ

ಅಷ್ಟರಲ್ಲಿ ಪಾನಾದ ಬಾಯಿ ಅಗಲಾಗಿ ಯಾವ ನಟ್ಟನ್ನೂ ಹಿಡಿಯದಾಯಿತು. ಸಮಿತಿ ಬರಲು ಮೂರು ದಿನವಿತ್ತು. ರಜೆ ಹಾಕಿ, ಪ್ರಿನ್ಸಿಪಾಲರ ಶಿಕ್ಕಾ ಒತ್ತಿದ ಪತ್ರದೊಂದಿಗೆ ಮೂರನ್ನೂ ಒಯ್ದೆ. ಶಿಕ್ಕಾ ನೋಡಿ ಮಾಲೀಕರು ಮೆತ್ತಗಾದರು. ಚಹಾ ತರಿಸಿದರು. ಮೂರನ್ನೂ ಇಟ್ಟುಕೊಂಡು ಮೂರು ರಸೀದಿ ಬರೆದರು.

"ಬದಲಿ ಎಲ್ಲಿ?"

"ಮುಂಬೈಯಿಂದ ಬರಬೇಕ್ರಿ. ದೀಪಾವಳಿ ಆಗಲಿ."

ತಪಾಸಣೆಯ ದಿನ ಸಮಿತಿಯ ಅಧ್ಯಕ್ಷರು ಹತ್ಯಾರಗಳ ಕಪಾಟು ತೆರೆದರು. ಒಳಗೆ ಏನೂ ಇರಲಿಲ್ಲ. ಪ್ರಿನ್ಸಿಪಾಲರು ನನ್ನನ್ನು ನೋಡಿದರು. ನಾನು ಫೈಲು ಮುಂದಿಟ್ಟೆ.

ಅಧ್ಯಕ್ಷರು ಮೂರೂ ರಸೀದಿಗಳನ್ನು ಓದಿದರು. "ಗ್ಯಾರಂಟಿ ಅದ ಏನು?"

"ಒಂದು ವರ್ಷ್ರಿ."

"ಭಾಳ ಛಲೋ. ಉಳದ ಕಾಲೇಜಿನ್ಯಾಗ ಹತ್ಯಾರ ಇರತಾವ, ಕಾಗದ ಇರೂದಿಲ್ಲ ನೋಡ್ರಿ."

ವರದಿ ಬಂತು: "ಹತ್ಯಾರಗಳಲ್ಲಿ ಸವಕಳಿ ಕಂಡುಬಂದಿಲ್ಲ. ನಿರ್ವಹಣೆ ಉತ್ತಮ."

ನನ್ನ ಕೆಲಸ ಕಾಯಂ ಆಯಿತು. ಆ ದಿನ ಕಪಾಟಿನಲ್ಲಿದ್ದ ಹತ್ಯಾರಗಳು: ಸೊನ್ನೆ.