ಅತ್ತೆ ಕಾಯ್ದ ಗೇಟು

ದೂರದ ದೇಶಗಳ ದೊಡ್ಡ ಅಧಿಕಾರಿಗಳು ನನ್ನ ಜಗಲಿಯ ಮೇಲೆ ಕೂತು, ಶಾಲೆಗಳು ಹೇಗಿರಬೇಕು ಎಂದು ನನ್ನನ್ನು ಕೇಳಿಯೇ ತೀರ್ಮಾನ ಮಾಡಿದ್ದಾರೆ. ಇದರಲ್ಲಿ ಅರ್ಧ ಸುಳ್ಳು. ಅವರು ನನ್ನನ್ನು ಕೇಳಿದ್ದು ಕುಡಿಯಲು ನೀರು. ಜಗಲಿ ಮಾತ್ರ ನಿಜ.

ನನ್ನ ಮನೆಯ ಎದುರಿಗೇ ಶಾಲೆಯ ಗೇಟು. ಅಲ್ಲಿಯ ಡ್ರಿಲ್ ಮೇಷ್ಟ್ರು ಚೆಂಡು, ಮೈದಾನ ಬಿಟ್ಟರೆ ಈ ಲೋಕದಲ್ಲಿ ಬೇರೇನನ್ನೂ ಬಯಸದ ಮನುಷ್ಯ. ಅಂಥವರ ಕೊರಳಿಗೆ ಹೆಡ್‌ಮಿಸ್ಸು 'ಸುರಕ್ಷತೆ'ಯನ್ನು ಕಟ್ಟಿಬಿಟ್ಟಿದ್ದರು. ಜಗತ್ತಿನ ಶಾಲೆಗಳಿಗೆಲ್ಲ ಒಂದೇ ನೀತಿ ಬಂದಿದೆಯಂತೆ: ಮಕ್ಕಳು ಸುರಕ್ಷಿತವಾಗಿರಬೇಕು, ಮುದುಕರೂ ಕಲಿಯುತ್ತಲೇ ಇರಬೇಕು. ಅದು ನಡೆಯುತ್ತಿದೆಯೋ ಇಲ್ಲವೋ ನೋಡಲು ಹೊರದೇಶದವರು ಬರುವವರಿದ್ದರು.

"ಅವ್ರು ಮೆಚ್ಚಿದ್ರೆ ಈ ಕೆಲ್ಸ ಬೇರೆಯವರಿಗೆ ಕೊಡ್ತೀನಿ. ಮೆಚ್ಚಲಿಲ್ಲ ಅಂದ್ರೆ ನೀವು ರಿಟೈರ್ ಆಗೋವರೆಗೂ ಇದೇ ಗತಿ," ಎಂದಿದ್ದರು ಹೆಡ್‌ಮಿಸ್ಸು.

ಮೇಷ್ಟ್ರು ತಲೆ ಕೆರೆದು ಕೆರೆದು, ಕೂದಲೆಲ್ಲ ಉದುರಿದ ಮೇಲೆ, ಎರಡು ನಿಯಮ ಮಾಡಿದರು. ಒಂದು, ಬ್ಯಾಡ್ಜ್ ಇಲ್ಲದವರು ಯಾರೇ ಆಗಲಿ ಒಳಗೆ ಹೋಗುವಂತಿಲ್ಲ. ಇನ್ನೊಂದು, ಕಳ್ಳರ ಕೈಗೆ ಸಿಗದ ಹಾಗೆ ಸಂಜೆ ಎಲ್ಲರ ಬ್ಯಾಡ್ಜೂ ಶಾಲೆಯೊಳಗಿನ ಬೀರು ಸೇರಬೇಕು. ಗೇಟು ಕಾಯಲು ಹೆಂಡತಿಯ ತಾಯಿಯನ್ನೇ, ಕೈಗೆ ಕೀಲಿಕೈ, ಸೀಟಿ ಕೊಟ್ಟು, ಗೇಟಿನ ಹೊರಗೆ ಕೂರಿಸಿದರು. ಶಾಲೆಯಲ್ಲಿ ಸಂಜೆ ನಡೆಯುವ ಹಿರಿಯರ ತರಗತಿಯಲ್ಲಿ ಆಕೆಗೆ ಅಕ್ಷರ ಕಲಿಸಿದ್ದೂ ಈ ಅಳಿಯನೇ. ಸುರಕ್ಷತೆಗೂ ಆಯಿತು, ಕಲಿಕೆಗೂ ಆಯಿತು ಎಂದು ಮೀಸೆ ತಿರುವಿಕೊಂಡರು.

ಬ್ಯಾಡ್ಜುಗಳು ಮೊದಲ ಸಲ ಬೀರು ಸೇರಿದ ಮಾರನೆಯ ಬೆಳಿಗ್ಗೆಯೇ ಅಧಿಕಾರಿಗಳು ಬರುವ ದಿನ. ಮೇಷ್ಟ್ರು ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ಬಂದರು.

"ಅತ್ತೆ, ಗೇಟು ತೆಗೀರಿ."

"ಬ್ಯಾಡ್ಜ್ ಎಲ್ಲಿ ಅಳಿಯಂದ್ರೇ?"

"ಒಳಗಿದೆ."

"ತಂದು ತೋರ್ಸಿ."

"ತರೋಕೆ ಒಳಗೆ ಹೋಗ್ಬೇಕಲ್ಲ!"

"ಒಳಗೆ ಹೋಗೋಕೆ ಬ್ಯಾಡ್ಜ್ ಬೇಕಲ್ಲ!"

ಮೇಷ್ಟ್ರು ಗಡಿಯಾರ ನೋಡಿಕೊಂಡರು. "ಹೋಗ್ಲಿ, ನೀವೇ ಹೋಗಿ ತನ್ನಿ."

"ನಂದೂ ಒಳಗೇ ಇದೆಯಪ್ಪ. ನಾನು ಹೆಂಗೆ ಹೋಗ್ಲಿ?" ಅತ್ತೆ ಗೋಡೆಗೆ ಹಾಕಿದ್ದ ನಿಯಮದ ಬೋರ್ಡಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಯಾ... ರೇ... ಆ... ಗ... ಲಿ. ಓದೋಕೆ ಕಲಿಸಿದ್ದು ನೀವೇ. ತಪ್ಪಿದ್ರೆ ತಿದ್ದಿ."

ಅಷ್ಟರಲ್ಲಿ ಮಕ್ಕಳು, ಮೇಷ್ಟ್ರುಗಳು ಎಲ್ಲ ಬಂದು ಬೀದಿ ತುಂಬಿದರು. ಇರುವೆಗೂ ಕಾಲಿಡಲು ಜಾಗವಿರಲಿಲ್ಲ. ಹೆಡ್‌ಮಿಸ್ಸು ಕೊಡೆ ಬೀಸುತ್ತ ನುಗ್ಗಿದರು.

"ಅಮ್ಮಾ, ನಾನು ಹೆಡ್‌ಮಿಸ್ಸು!"

"ಗೊತ್ತು ತಾಯಿ. ಮುಖ ಗುರ್ತಿದ್ರೆ ಬಿಡಿ ಅಂತ ಬೋರ್ಡಲ್ಲಿ ಬರೆದಿಲ್ಲ."

"ಏನ್ರೀ ಮೇಷ್ಟ್ರೇ ಇದು? ಇನ್ನೇನು ಅವ್ರು ಬಂದುಬಿಡ್ತಾರೆ!"

ಪಕ್ಕದ ಅಂಗಡಿಯ ಟೈಲರ್, ಗೇಟಿನ ಬೀಗಕ್ಕೆ ಸೂಜಿ ಹಾಕಿ ನೋಡಿ ಎಂದ. ನಾನೂ ಸುಮ್ಮನಿರಲಾರದೆ, "ಮೇಷ್ಟ್ರೇ, ಗೋಡೆ ಅಷ್ಟೇನೂ ಎತ್ತರ ಇಲ್ಲ," ಎಂದೆ. ಗೋಡೆಯೇನೋ ಮೋಡದ ಬೆನ್ನು ಕೆರೆಯುವಷ್ಟು ಎತ್ತರ. ಆದರೆ ಹತ್ತುವವಳು ನಾನಲ್ಲವಲ್ಲ.

ಮೇಷ್ಟ್ರು ಹಲ್ಲು ಕಚ್ಚಿ ಹತ್ತಿಯೇಬಿಟ್ಟರು. ಮೇಲಿನ ಕಬ್ಬಿಣದ ಮುಳ್ಳಿಗೆ ಪ್ಯಾಂಟು ಸಿಕ್ಕಿತು. ಒಗೆದು ಹಾಕಿದ ಬಟ್ಟೆಯಂತೆ ನೇತಾಡತೊಡಗಿದರು.

"ಅಳಿಯಂದ್ರೇ, ಇಳೀರಿ! ಬ್ಯಾಡ್ಜ್ ಇಲ್ದೆ ಒಳಗೆ ಕಾಲು ಹಾಕಿದೀರಿ!" ಎಂದು ಅತ್ತೆ ಬಲವಾಗಿ ಸೀಟಿ ಊದಿದರು.

ಸೀಟಿ ಕೇಳಿದ ಕೂಡಲೇ ಬೆಂಚಿನ ಕೆಳಗೆ ಅವಿತುಕೊಳ್ಳಿ ಎಂದು ಮಕ್ಕಳಿಗೆ ತಿಂಗಳಿಂದ ಕಲಿಸಿದ್ದು ಮೇಷ್ಟ್ರೇ. ಬೀದಿಯಲ್ಲಿ ಬೆಂಚೆಲ್ಲಿ? ಮಕ್ಕಳೆಲ್ಲ, ಅವರ ಹಿಂದೆ ಉಳಿದ ಮೇಷ್ಟ್ರುಗಳೂ, ನನ್ನ ಮನೆಗೆ ನುಗ್ಗಿದರು. ಮಂಚದ ಕೆಳಗೆ ಒಂದು ತರಗತಿ, ಮೇಜಿನ ಕೆಳಗೆ ಇನ್ನೊಂದು. ಜಾಗ ಸಿಗದವರು ಟೈಲರನ ಹೊಲಿಗೆ ಯಂತ್ರದ ಕೆಳಗೆ. ಕಣ್ಣು ಮಿಟುಕಿಸುವುದರೊಳಗೆ ಬೀದಿ ಖಾಲಿ.

ಆ ಖಾಲಿ ಬೀದಿಗೆ ಸರಿಯಾಗಿ ಕಾರು ಬಂತು. ತೆಂಗಿನ ಮರದಂಥ ಒಬ್ಬ ಅಧಿಕಾರಿ, ಕನ್ನಡಕದ ಹೆಂಗಸು, ಜೊತೆಗೆ ಅವರ ಮಾತನ್ನು ನಮಗೆ ತಿಳಿಸಿ ಹೇಳುವವನೊಬ್ಬ. ಅವರ ಕೊರಳಲ್ಲೂ ಬ್ಯಾಡ್ಜ್ ಇತ್ತು. ಅತ್ತೆ ಅದನ್ನು ಹಿಡಿದು ತಿರುಗಿಸಿ ನೋಡಿ, "ಇದು ನಮ್ಮ ಶಾಲೇದಲ್ಲ, ಆ ಕಡೆ ಕೂತ್ಕೊಳಿ," ಎಂದರು.

ಕೂತರು, ನನ್ನ ಜಗಲಿಯಲ್ಲೇ. ನೀರು ಕುಡಿದರು. ಮಂಚದ ಕೆಳಗೆ ಬಗ್ಗಿ ನೋಡಿದರು. ಗೋಡೆಯ ಮೇಲೆ ನೋಡಿದರು. ತಮ್ಮಲ್ಲೇ ಏನೋ ಪಿಸುಗುಟ್ಟಿದರು. ಹೆಡ್‌ಮಿಸ್ಸಿನ ಮುಖ ಸುಣ್ಣದಂತಾಯಿತು.

ಜೊತೆಗೆ ಬಂದವನು ಎದ್ದು ನಿಂತು ಹೇಳಿದ: "ಎಷ್ಟೋ ದೇಶ ಸುತ್ತಿದ್ದಾರಂತೆ. ತಮ್ಮನ್ನೇ ಒಳಗೆ ಬಿಡದ ಶಾಲೆ ಇದೊಂದೇ ಅಂತೆ! ಮಕ್ಕಳು ಅವಿತುಕೊಂಡ ವೇಗ ಎಲ್ಲೂ ನೋಡಿಲ್ವಂತೆ. ಗೋಡೆ ಮೇಲಿನ ಕಳ್ಳನ ಪಾತ್ರವಂತೂ ನಿಜವಾದ ಕಳ್ಳನ ಥರಾನೇ ಇದೆಯಂತೆ."

"ಅಯ್ಯೋ, ಕಳ್ಳ ಅಲ್ರೀ, ಮೇಷ್ಟ್ರು!" ಎಂದು ಮೇಲಿಂದ ಕೂಗು ಬಂತು. ಅಧಿಕಾರಿಗಳ ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಲಿಲ್ಲ.

ಹೆಡ್‌ಮಿಸ್ಸು ಮಾತಿಗೆ ತಪ್ಪುವವರಲ್ಲ. "ಮೇಷ್ಟ್ರೇ, ಅವ್ರು ಮೆಚ್ಚಿದ್ರು! ಇವತ್ತಿಂದ ಸುರಕ್ಷತೆ ನಿಮ್ಮ ತಲೆ ಮೇಲಿಲ್ಲ!"

ಮೇಷ್ಟ್ರು ನೇತಾಡುತ್ತಲೇ ಕೈ ಮುಗಿದರು. ಕಣ್ಣಲ್ಲಿ ಮೈದಾನ, ಚೆಂಡು ಎಲ್ಲ ಬಂದಿರಬೇಕು.

"ಇನ್ಮೇಲೆ ಅದಕ್ಕೆಲ್ಲ ನಿಮ್ಮ ಅತ್ತೆಯವರೇ ಮುಖ್ಯಸ್ಥರು. ಈ ವಯಸ್ಸಲ್ಲಿ ಕಲಿತು ಇಷ್ಟು ಕಟ್ಟುನಿಟ್ಟು! ಇಂಥದೇ ಕವಾಯತು ವಾರಾವಾರ ನಡೀಬೇಕಂತೆ, ಬೇರೆ ದೇಶದವರೂ ನೋಡೋಕೆ ಬರ್ತಾರಂತೆ. ಅಮ್ಮಾ, ಗೋಡೆ ಹತ್ತೋ ಕಳ್ಳನಿಗೆ ಯಾರನ್ನಾದ್ರೂ ನೀವೇ ಆರಿಸ್ಕೊಳಿ. ನೀವು ಹೇಳಿದ ಮೇಲೆ ಯಾರೂ ಒಲ್ಲೆ ಅನ್ನೋ ಹಾಗಿಲ್ಲ."

ಅತ್ತೆ ಸೆರಗು ಸರಿಮಾಡಿಕೊಂಡು, ನನ್ನ ಮನೆಯಿಂದ ಹೊರಬಂದು ನೆರೆದಿದ್ದ ಮೇಷ್ಟ್ರುಗಳನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಒಬ್ಬರಿಗೆ ಬೆನ್ನುನೋವು, ಇನ್ನೊಬ್ಬರಿಗೆ ಹೊಟ್ಟೆ ದೊಡ್ಡದು. ಆಮೇಲೆ ಆಕೆ ನಿಧಾನವಾಗಿ ತಲೆ ಎತ್ತಿದರು.

ಆಕೆ ಯಾರನ್ನು ಆರಿಸಿದರು ಎಂಬುದನ್ನೂ ನಾನೇ ಹೇಳಬೇಕೇ? ನೀವೇ ಹೇಳಿ, ನೋಡೋಣ.