ಒಂಟಿ ಜೋಡಿ

ಗುಡಿಸುವ ಅಕ್ಕ ಇನ್ನೊಂದು ಗೇಣು ಎತ್ತರವಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಆಕೆ ಎಲ್ಲ ಕೋಣೆಗಳ ಕರಿಹಲಗೆಯನ್ನೂ ಕೈ ಎಟುಕುವಷ್ಟು ಒರೆಸುತ್ತಿದ್ದಳು. ಎಟುಕದ್ದು ಹಾಗೇ ಉಳಿಯುತ್ತಿತ್ತು. ಹಿಂದಿನ ದಿನ ಹಂಗಾಮಿ ಮೇಷ್ಟ್ರು ಪ್ರಯೋಗಾಲಯದ ಹಲಗೆಯ ಮೇಲೆ ಅಮೋನಿಯಾದ ಚಿತ್ರ ಬಿಡಿಸಿ, ಅದರ ಮೇಲ್ಗಡೆ ನಾಲ್ಕು ಸಾಲು ವಿವರ ಬರೆದಿದ್ದರು. ಚಿತ್ರ ಅಳಿಸಿಹೋಯಿತು, ವಿವರ ಉಳಿಯಿತು.

'ಒಂಟಿ ಜೋಡಿ ಇಲ್ಲೇ ಕೂತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಆದರೂ ಜಾಗ ಹಿಡಿದಿರುತ್ತದೆ. ಪಕ್ಕದವರನ್ನು ತಳ್ಳುತ್ತದೆ.'

ಬೆಳಿಗ್ಗೆ ಒಂಬತ್ತೂವರೆಗೆ ಮೇಷ್ಟ್ರು ಬಂದಾಗ ಮಕ್ಕಳೆಲ್ಲ ಹೊರಗಿನ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಬಾಗಿಲಲ್ಲಿ ಗಣಿತದ ಮೇಷ್ಟ್ರು ಕಾವಲಿಗೆ ನಿಂತಿದ್ದರು. ಒಳಗೆ ಕಾಲಿಡುವ ಧೈರ್ಯ ಮಾತ್ರ ಅವರಿಗೂ ಇರಲಿಲ್ಲ.

"ನೋಡಿದ್ರಾ?" ಎಂದು ಪಿಸುಗುಟ್ಟಿದರು. "ಅವರೇ ಬರೆದಿದಾರೆ."

"ಯಾರು?"

"ಇನ್ಯಾರು? ನಿಮಗಿಂತ ಮುಂಚೆ ಇದ್ದ ಹಳೇ ಮೇಷ್ಟ್ರು, ಅವರ ಹೆಂಡತಿ. ಅವರು ಪಾಠ ಮಾಡೋರು, ಆಯಮ್ಮ ಸೀಸೆ ತೊಳೆದು ಜೋಡಿಸೋರು. ಮಕ್ಕಳಿಲ್ಲ, ನೆಂಟರಿಲ್ಲ, ಯಾರ ಜೊತೇನೂ ಸೇರ್ತಿರಲಿಲ್ಲ. ಊರೆಲ್ಲ ಅವರನ್ನ ಒಂಟಿ ಜೋಡಿ ಅಂತಲೇ ಕರೀತಿತ್ತು. ಒಂದೇ ವಾರದಲ್ಲಿ ಇಬ್ರೂ ಹೋದ್ರು."

"ಅಯ್ಯೋ, ಅದನ್ನ ಬರೆದಿದ್ದು ನಾನು!"

ಗಣಿತದ ಮೇಷ್ಟ್ರು ಅವರನ್ನು ಕನಿಕರದಿಂದ ನೋಡಿದರು. "ನೀವೇ ಬರೆದ್ರಿ ಅಂದ್ಕೊಂಡಿದೀರಿ. ಬರೆಸಿಕೊಂಡಿರ್ತಾರೆ."

ಬೇರೆ ದಿನವಾಗಿದ್ದರೆ ಹಂಗಾಮಿ ಮೇಷ್ಟ್ರು ನಕ್ಕುಬಿಡುತ್ತಿದ್ದರು. ಆದರೆ ಅಂದು ಮಧ್ಯಾಹ್ನ ಎರಡಕ್ಕೆ ಹೆಡ್‌ಮೇಡಂ ಇವರ ಪಾಠ ನೋಡಲು ಬರುವವರಿದ್ದರು. ಮೆಚ್ಚಿದರೆ ಕೆಲಸ ಕಾಯಂ, ಕೆಲಸ ಕಾಯಂ ಆದರೆ ಮದುವೆ. ಮೂರು ವರ್ಷದಿಂದ ಹಂಗಾಮಿಯಾಗಿದ್ದು ಪಾಪ, ಅವರಿಗೆ ಇಟ್ಟ ಹೆಸರೇ ಎಲ್ಲರಿಗೂ ಮರೆತುಹೋಗಿತ್ತು. "ಹುಡುಗ ಒಳ್ಳೆಯವನೇ. ಆದರೆ ಹಂಗಾಮಿ ಗಂಡನಿಗೆ ಮಗಳನ್ನ ಹೇಗಪ್ಪಾ ಕೊಡೋದು?" ಎಂದಿದ್ದ ಹುಡುಗಿಯ ಅಪ್ಪ, ಸಂಜೆ ಐದಕ್ಕೆ ಫೋನ್ ಮಾಡಿ ವಿಚಾರಿಸುವುದಾಗಿ ಹೇಳಿದ್ದರು.

ಮಕ್ಕಳ ಭಯ ಬಿಡಿಸಲು ಮೇಷ್ಟ್ರು ಎಲ್ಲರನ್ನೂ ಬಾಗಿಲಲ್ಲಿ ನಿಲ್ಲಿಸಿ ತಾವೊಬ್ಬರೇ ಒಳಗೆ ಹೋದರು. ಏನೂ ಆಗಿಲ್ಲವೆಂಬಂತೆ ಬಿಸಿನೀರಲ್ಲಿ ಒಂದು ಗಾಜಿನ ಲೋಟ ತೊಳೆದು ಕಲ್ಲಿನ ಮೇಜಿನ ಮೇಲೆ ಕವುಚಿಟ್ಟರು. ಮೇಜು ಒದ್ದೆಯಾಗಿತ್ತು. ಲೋಟ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ತನ್ನಷ್ಟಕ್ಕೆ ತಾನೇ, ಯಾರೋ ಬೆರಳಲ್ಲಿ ನೂಕಿದ ಹಾಗೆ, ಮೇಜಿನ ಅಂಚಿನತ್ತ ಮೆಲ್ಲಗೆ ಜಾರತೊಡಗಿತು.

"ಒಳಗಿನ ಗಾಳಿ ಬಿಸಿಯಾಗಿ ಹಿಗ್ಗತ್ತೆ, ಲೋಟಾನ ಎತ್ತತ್ತೆ, ಅದು ನೀರಿನ ಪದರದ ಮೇಲೆ ಜಾರತ್ತೆ..." ಎನ್ನುತ್ತ ಮೇಷ್ಟ್ರು ತಿರುಗಿದರು. ಕೇಳಲು ಯಾರೂ ಉಳಿದಿರಲಿಲ್ಲ. ಹತ್ತಾರು ಚಪ್ಪಲಿಗಳಷ್ಟೇ ಬಿದ್ದಿದ್ದವು.

ಸ್ವಲ್ಪ ಹೊತ್ತಿನ ಮೇಲೆ ಗಣಿತದ ಮೇಷ್ಟ್ರು ಮಾತ್ರ ವಾಪಸು ಬಂದರು. ಕುತೂಹಲ ಅವರನ್ನು ಎಲ್ಲೂ ಕೂರಲು ಬಿಡದು. ಸಿಂಕಿನ ಪಕ್ಕ ಒಂದರ ಮೇಲೊಂದು ಒದ್ದೆಯಾಗಿ ಬಿದ್ದಿದ್ದ ಎರಡು ಗಾಜಿನ ಫಲಕಗಳನ್ನು ಕೈಗೆತ್ತಿಕೊಂಡರು. ಬೇರೆ ಮಾಡಲು ಎಳೆದರು. ಹಲ್ಲುಕಚ್ಚಿ ಎಳೆದರು. ಜಪ್ಪಯ್ಯ ಎಂದರೂ ಬಿಡಲಿಲ್ಲ.

"ಬಿಡ್ತಿಲ್ಲ ನೋಡಿ. ಬದುಕಿದ್ದಾಗಲೂ ಹೀಗೇ ಇದ್ರು!"

"ನೀರಿನ ಅಣುಗಳು ಸಾರ್, ಒಂದನ್ನೊಂದು ಹಿಡ್ಕೊಳ್ತವೆ, ಗಾಜನ್ನೂ ಹಿಡ್ಕೊಳ್ತವೆ. ಎಳೀಬೇಡಿ, ಪಕ್ಕಕ್ಕೆ ಜಾರಿಸಿ."

ಜಾರಿಸಿದ ಕೂಡಲೇ ಅವು ಬೇರೆಯಾದವು. ಗಣಿತದ ಮೇಷ್ಟ್ರ ಕಣ್ಣು ಒದ್ದೆಯಾಯಿತು. "ಪಾಪ, ಅಗಲಿಸಿಬಿಟ್ರಲ್ಲ" ಎಂದು ಫಲಕಗಳನ್ನು ಮತ್ತೆ ಜೋಡಿಸಿಟ್ಟು ಹೊರಟುಹೋದರು. ಕೋಣೆ ಇದ್ದಕ್ಕಿದ್ದಂತೆ ತಣ್ಣಗಾಯಿತು. ಹಂಗಾಮಿ ಮೇಷ್ಟ್ರಿಗೆ ಮೊದಲ ಬಾರಿಗೆ, ತಾವೊಬ್ಬರೇ ಇಲ್ಲಿ ಇಲ್ಲವೇನೋ ಅನ್ನಿಸಿತು. ನಿಜ ಹೇಳಬೇಕೆಂದರೆ ಅವರಿಗೂ ಭಯವಾಯಿತು.

ಎರಡು ಗಂಟೆಗೆ ಹೆಡ್‌ಮೇಡಂ ಮಕ್ಕಳನ್ನೆಲ್ಲ ಕುರಿ ಅಟ್ಟಿದ ಹಾಗೆ ಅಟ್ಟಿಕೊಂಡು ಬಂದರು. ಮಕ್ಕಳು ಹಿಂದಿನ ಬೆಂಚುಗಳಲ್ಲಿ ಒಬ್ಬರ ಮೇಲೊಬ್ಬರು ಕೂತರು. ಮುಂದಿನ ಬೆಂಚು ಪೂರಾ ಖಾಲಿ. ಹೆಡ್‌ಮೇಡಂ ಅದರ ನಟ್ಟನಡುವೆ ಕೂತು, "ಹೂಂ, ಶುರು ಮಾಡಿ" ಎಂದರು.

ಮೇಷ್ಟ್ರು ಅಳಿಸಿಹೋದ ಚಿತ್ರವನ್ನು ಮತ್ತೆ ಬಿಡಿಸಿದರು. "ನೋಡಿ ಮಕ್ಕಳೇ, ಸಾರಜನಕದ ಹೊರಸುತ್ತಿನಲ್ಲಿ ಐದು ಎಲೆಕ್ಟ್ರಾನು. ಮೂರನ್ನ ಮೂರು ಜಲಜನಕದ ಜೊತೆ ಹಂಚಿಕೊಂಡು ಬಂಧ ಕಟ್ಟಿಕೊಳ್ತು. ಉಳಿದ ಎರಡನ್ನ ಹಂಚಿಕೊಳ್ಳೋಕೆ ಯಾರೂ ಇಲ್ಲ. ಜೋಡಿಯಾಗಿವೆ, ಆದ್ರೂ ಒಂಟಿ. ಇವು ಮೇಲ್ಗಡೆ ಜಾಗ ಹಿಡ್ಕೊಂಡು ಬಂಧಗಳನ್ನ ಕೆಳಗೆ ತಳ್ತವೆ. ಅದಕ್ಕೇ ಅಮೋನಿಯಾ ಚಪ್ಪಟೆಯಾಗಿಲ್ಲ, ಮುಕ್ಕಾಲಿ ಥರ ಇದೆ."

"ಅಂದ್ರೆ ಇದು ನಮ್ಮ ಹಳೇ ಮೇಷ್ಟ್ರ ವಿಷಯ ಅಲ್ಲ?" ಎಂದು ಹೆಡ್‌ಮೇಡಂ ಕೇಳಿದರು.

"ಖಂಡಿತಾ ಅಲ್ಲ ಮೇಡಂ. ಬರೀ ಎಲೆಕ್ಟ್ರಾನು."

ಹೆಡ್‌ಮೇಡಂ ಬಿದ್ದು ಬಿದ್ದು ನಕ್ಕರು. ಮಕ್ಕಳೂ ನಕ್ಕರು. ನಡುವೆ ಕೂತಿದ್ದ ಹೆಡ್‌ಮೇಡಂ ಪಾಠ ಮುಗಿಯುವ ಹೊತ್ತಿಗೆ ಅದು ಹೇಗೋ ಬೆಂಚಿನ ತುದಿಗೆ ಬಂದಿದ್ದರು. ಅವರು ಅದನ್ನು ಗಮನಿಸಲಿಲ್ಲ. ಅಲ್ಲೇ ಶಿಫಾರಸಿನ ಕಾಗದಕ್ಕೆ ಸಹಿ ಹಾಕಿ, "ಇನ್ಮೇಲೆ ನೀವು ಹಂಗಾಮಿ ಅಲ್ಲ" ಎಂದರು.

ಮೇಷ್ಟ್ರು ಕುಣಿಯುವುದೊಂದು ಬಾಕಿ. ಕಾಗದ ಹಿಡಿದು ಗುಮಾಸ್ತರ ಕೋಣೆಗೆ ಓಡಿದರು. ಗುಮಾಸ್ತರು ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು.

"ಮೇಡಂ ಸಹಿ ಸರಿಯಾಗಿದೆ. ಆದ್ರೆ ಜಾಗ ಖಾಲಿ ಇಲ್ವಲ್ಲ."

"ಖಾಲಿ ಇಲ್ವಾ? ಹಳೇ ಮೇಷ್ಟ್ರು ತೀರಿಕೊಂಡು ಮೂರು ವರ್ಷ ಆಯ್ತಲ್ಲ ಸ್ವಾಮಿ!"

"ಆಗಿರಬಹುದು. ಹಾಜರಿ ಪುಸ್ತಕದಲ್ಲಿ ಸಹಿ ಬೀಳ್ತಿರೋವರೆಗೆ ಹೆಸರು ತೆಗೆಯೋ ಹಾಗಿಲ್ಲ. ನಿಯಮ."

ಗುಮಾಸ್ತರು ಕಾಯಂ ಸಿಬ್ಬಂದಿಯ ಪುಸ್ತಕ ತಿರುಗಿಸಿ ಮುಂದಿಟ್ಟರು. ಹಂಗಾಮಿಯವರಿಗೆ ಬೇರೆ ಪುಸ್ತಕವಿದ್ದುದರಿಂದ ಮೇಷ್ಟ್ರು ಇದನ್ನು ಕಂಡಿದ್ದು ಇದೇ ಮೊದಲು. ಮೇಲಿನ ಎರಡು ಸಾಲುಗಳಲ್ಲಿ ಹಸಿರು ಶಾಯಿಯ ಎರಡು ಸಹಿಗಳಿದ್ದವು, ಒಂದು ಹಳೇ ಮೇಷ್ಟ್ರದು, ಇನ್ನೊಂದು ಅವರ ಹೆಂಡತಿಯದು. ಅಂದಿನ ತಾರೀಕು. ಮೇಷ್ಟ್ರು ಬೆರಳಿಟ್ಟು ನೋಡಿದರು. ಬೆರಳಿಗೆ ಹಸಿರು ಹತ್ತಿತು.

"ಯಾರು... ಯಾರು ಹಾಕ್ತಾರೆ ಇದನ್ನ?"

"ನಾನು ಕಂಡಿಲ್ಲಪ್ಪ. ಬೆಳಿಗ್ಗೆ ಒಂಬತ್ತಕ್ಕೆ ಪುಸ್ತಕ ತೆಗೆದಾಗ ಇರತ್ತೆ. ಒಂದು ದಿನವೂ ತಪ್ಪಿಸಿಲ್ಲ." ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. "ನೀವು ಇವತ್ತು ಎಷ್ಟು ಗಂಟೆಗೆ ಬಂದ್ರಿ?"

ಮೇಷ್ಟ್ರು ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಕಾಲುಗಳು ತಾವಾಗಿಯೇ ಅವರನ್ನು ಪ್ರಯೋಗಾಲಯಕ್ಕೆ ಕರೆದೊಯ್ದವು. ಮುಂದಿನ ಬೆಂಚಿನ ನಡುವೆ ಕುಸಿದು ಕೂತರು. ಹೊರಗೆ ಇನ್ನೂ ಬಿಸಿಲಿತ್ತು, ಆದರೂ ಬೆಂಚು ತಣ್ಣಗೆ ಕೊರೆಯುತ್ತಿತ್ತು. ಎಡಗಡೆಯಿಂದ ಯಾರೋ ಭುಜ ತಾಗಿಸಿದಂತಾಯಿತು. ಒರಟಾಗಿಯಲ್ಲ, ಬಸ್ಸಿನಲ್ಲಿ ದೊಡ್ಡವರು ಜಾಗ ಕೇಳುವ ಹಾಗೆ. ಮೇಷ್ಟ್ರು ಸರಿದರು. ಭುಜ ಮತ್ತೆ ತಾಗಿತು. ಮತ್ತೆ ಸರಿದರು.

ಐದಕ್ಕೆ ಸರಿಯಾಗಿ ಫೋನ್ ಹೊಡೆದುಕೊಂಡಿತು.

"ಏನಪ್ಪಾ, ಜಾಗ ಸಿಕ್ತಾ?" ಎಂದು ಹುಡುಗಿಯ ಅಪ್ಪ ಕೇಳಿದರು.

"ಸಿಕ್ಕಿದೆ ಸಾರ್" ಎಂದರು ಹಂಗಾಮಿ ಮೇಷ್ಟ್ರು, ಬೀಳದಂತೆ ಒಂದು ಕಾಲನ್ನು ನೆಲಕ್ಕೆ ಊರಿಕೊಂಡು. "ತುದೀಲಿ, ಒಂಚೂರು."